ಕೆಳರೆಪ್ಪೆ

ಡಂಬಳದ ಕೆರೆ ದಾಟಿ ಅರ್ಧ ಹರದಾರಿ.
ಕಪ್ಪತಗುಡ್ಡದ ಗಾಳಿಯಂತ್ರಗಳು ಇನ್ನೂ ಮಂಜಿನಲ್ಲಿರುವಾಗ
ಐಸಿನ ಡಬ್ಬಿ ಹೊತ್ತು ಬಸ್ಸಿನಿಂದ ಇಳಿದೆ.
ನಲವತ್ತು ಕುರಿ, ನೇರಳೆ ಮುಚ್ಚಳದ ನಲವತ್ತು ನಳಿಕೆ,
ಹಾಲಿಗೆ ಅಷ್ಟೇ ಪುಟ್ಟ ಬಾಟಲಿ.
ಬಾಣಂತನದ ರಜೆ ಮುಗಿದು ಮೂರನೆಯ ದಿನ.

ಗೇಟಿಗೆ ಹಸಿರು ಬೋರ್ಡು, ಸಾವಯವ ತೋಟ ಅಂತ.
ಒಳಗೆ ಬೀರವ್ವ. ಕುರಿಯ ಲೆಕ್ಕವೆಲ್ಲ ಅವಳ ಬಾಯಲ್ಲಿ:
"ಇದು ಕಿವಿಹರಕಿ, ಇದು ಕೆಂದಿ,
ಇದು ಎರಡು ಹಾಕಿ ಒಂದನ್ನ ಒಲ್ಲೆ ಅಂದಾಕಿ."
ನನ್ನ ಕಾಗದದಲ್ಲಿ ಅವು ಒಂದು, ಎರಡು, ಮೂರು.

ಕುತ್ತಿಗೆಯ ಉಣ್ಣೆ ಸರಿಸಿ ಹೆಬ್ಬೆರಳು ಒತ್ತಿದರೆ
ನರ ಉಬ್ಬುತ್ತದೆ, ಒಡ್ಡು ಕಟ್ಟಿದ ಕಾಲುವೆಯ ಹಾಗೆ.
ಸೂಜಿ ಹೋದದ್ದು ಕುರಿಗೆ ತಿಳಿಯುವ ಮೊದಲೇ
ಮೂರು ಮಿಲಿ ಕಪ್ಪುಗೆಂಪು.
ತಲೆಕೆಳಗು, ಮೇಲು, ತಲೆಕೆಳಗು, ಎಂಟು ಸಲ,
ಹೆಪ್ಪುಗಟ್ಟದ ಹಾಗೆ ತೂಗಬೇಕು
ಕೂಸಿನ ತೊಟ್ಟಿಲಿಗಿಂತ ಮೆಲ್ಲಗೆ.

ಹಾಲಿಗೆ ಕಪ್ಪು ತಟ್ಟೆ. ಮೊಲೆಗೊಂದು ಬಟ್ಟಲು.
ನೇರಳೆ ದ್ರಾವಣ ಹನಿಸಿ ತಿರುಗಿಸಿದರೆ
ಒಳ್ಳೆಯದು ಹರಿದಾಡುತ್ತದೆ,
ಬೇನೆಯದು ಲೋಳೆಸರದ ಹಾಗೆ ಕೂತುಬಿಡುತ್ತದೆ.
ಬೀರವ್ವ ಒಂದು ಹನಿ ನಾಲಿಗೆಗಿಟ್ಟು ಉಗುಳಿದಳು.
"ಉಪ್ಪಾಗೇತಿ. ಕೆಚ್ಚಲ ಮುಟ್ಟಿ ನೋಡು, ಸುಡತೈತಿ."
ತಟ್ಟೆಯೂ ಅದನ್ನೇ ಅಂದಿತು,
ಸ್ವಲ್ಪ ತಡವಾಗಿ.

ಹದಿನೇಳನೆಯದಕ್ಕೆ ಅವಳ ಕಡೆ ಹೆಸರು ಕರಿಮೂತಿ.
ಎರಡು ಮರಿಯ ತಾಯಿ, ಗದ್ದದ ಕೆಳಗೆ ನೀರು ತುಂಬಿದ ಚೀಲ.
ಕೆಳರೆಪ್ಪೆ ಎಳೆದಳು.
ದಾಳಿಂಬೆ ಕಾಳಿನ ಬಣ್ಣ ಇರಬೇಕಾದಲ್ಲಿ
ಸುಲಿದ ಬೆಳ್ಳುಳ್ಳಿ ಎಸಳು.
"ಹೊಟ್ಟ್ಯಾಗಿನ ಹುಳ ಕುಡದಾವ, ಉಳದದ್ದು ಮರಿ ಕುಡದಾವ.
ನಡುವ ಕುರಿ ಅನ್ನೂದು ಎಲ್ಲೈತಿ?"

ಬೇವು ಹಾಕಿದ್ದಾಯಿತು, ಅಡವಿಯ ತೊಗಟೆ ಕುದಿಸಿ ಕುಡಿಸಿದ್ದಾಯಿತು.
ಔಷಧಿ ಹಾಕಿದರೆ ಇಷ್ಟು ದಿನ ಹಾಲು ಮಾರುವಂತಿಲ್ಲ,
ಪಟ್ಟಿಯಲ್ಲಿ ಬರೆಯಬೇಕು, ತಪಾಸಣೆಯವರು ಕೇಳುತ್ತಾರೆ,
ಗೌಡರು ಫೋನಿನಲ್ಲಿ ತಡವರಿಸುತ್ತಿದ್ದರು.
ಬೀರವ್ವ ನನ್ನ ಕೈಯಿಂದ ಫೋನು ಇಸಕೊಂಡಳು.
"ಬೋರ್ಡು ಹಸರಿದ್ರ ಏನ್ ಮಾಡೂದ್ರೀ, ಕಣ್ಣು ಬೆಳ್ಳಗೈತಿ."

ಅಷ್ಟರಲ್ಲಿ ಮರಿಗಳನ್ನು ಬಿಟ್ಟರು.
ಆ ಕೂಗಿಗೆ ನನ್ನ ಕುಪ್ಪಸ ಒದ್ದೆಯಾಯಿತು.
ಕೂಗಿದ್ದು ಯಾರ ಮರಿ ಎಂದು ಹಾಲಿಗೇನು ಗೊತ್ತು.
ದಾಖಲೆ ಪುಸ್ತಕ ಎದೆಗವಚಿ ನಿಂತೆ.
ಅವಳು ಹತ್ತಿರ ಬಂದಳು. ಉಣ್ಣೆಯ ಜಿಡ್ಡಿನ ಬೆರಳಿಂದ
ಕೇಳದೆ, ನನ್ನ ಕೆಳರೆಪ್ಪೆಯನ್ನೂ ಎಳೆದಳು.
ಕುರಿಗೆ ನೋಡಿದಷ್ಟೇ ಹೊತ್ತು ನೋಡಿದಳು.
"ಕರಿಮೂತಿ ಬಾಜೂಕ ನಿನ್ನೂ ಬರಕೋ."

ತಾಯಿ ಕಾರ್ಡಿನಲ್ಲಿ ಬರೆದಿತ್ತು, ಎಂಟೂವರೆ.
ಕಬ್ಬಿಣದ ಗುಳಿಗೆ ಫ್ರಿಜ್ಜಿನ ಮೇಲೆ, ಚೀಟಿ ಒಡೆಯದೆ.
ವಾಕರಿಕೆ ಅಂತ. ಪುರಸೊತ್ತಿಲ್ಲ ಅಂತ.
ನಲವತ್ತು ಬಾಣಂತಿಯರ ರಕ್ತ ಅಳೆಯುವವಳು.

ಗದಗು, ಹುಬ್ಬಳ್ಳಿ, ತೊಡೆಯ ಮೇಲೆ ಐಸಿನ ಡಬ್ಬಿ,
ಸೆರಗಿನ ತುದಿಯಲ್ಲಿ ಅವಳು ಕಟ್ಟಿದ ಒಂದು ಮುಷ್ಟಿ ಅಳವಿ.
ಧಾರವಾಡದ ಲ್ಯಾಬಿನಲ್ಲಿ ಯಂತ್ರ ಗಿರ್ರನೆ ಸುತ್ತಿ ನಿಂತಾಗ
ಕೆಂಪೆಲ್ಲ ತಳಕ್ಕೆ, ಮೇಲೆ ಒಣಹುಲ್ಲಿನ ಬಣ್ಣದ ನೀರು.
ಹದಿನೇಳರಲ್ಲಿ ಕೆಂಪು ನೂರಕ್ಕೆ ಹದಿನಾಲ್ಕು,
ಇರಬೇಕಾದ್ದರ ಅರ್ಧ.
ಅವಳು ಬೆರಳಲ್ಲಿ ಓದಿದ್ದನ್ನು ನಾನು ಅಂಕಿಯಲ್ಲಿ ಬರೆದೆ.
ಷರಾ: ಔಷಧಿ ಹಾಕಿದೆ. ಹಾಲು ಮರಿಗೆ ಮಾತ್ರ.

ರಾತ್ರಿ ಕೂಸು ಕುಡಿಯುತ್ತಲೇ ನಿದ್ದೆ ಹೋಯಿತು.
ಅದರ ಕೆಳರೆಪ್ಪೆಯವರೆಗೆ ಹೋದ ಬೆರಳಿನಲ್ಲಿ
ಸಾಬೂನು ಹಚ್ಚಿದರೂ ಕುರಿಯ ವಾಸನೆ.
ಎಳೆಯಲಿಲ್ಲ.
ಎದ್ದು ಹೋಗಿ, ದೀಪ ಹಾಕದೆ,
ಫ್ರಿಜ್ಜಿನ ಮೇಲೆ ಕೈಯಾಡಿಸಿದೆ.